ಜೆಸಿಬಿಗೆ ಮುನ್ನ ಕರಣೆ: ಮೈಸೂರಿನ ಹಳೆಯ ನಿವೇಶನಗಳಲ್ಲಿ ಪರೀಕ್ಷಾರ್ಥ ಅಗೆತ ಏಕೆ ಬೇಕು

ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರ ಆಗಸ್ಟ್‌ನಲ್ಲಿ ಕುಸಿದು ನಾಲ್ವರು ಜೀವ ಕಳೆದುಕೊಂಡರು. ನಾಲ್ಕು ವರ್ಷಗಳ ನಂತರ, 2016ರ ಆಗಸ್ಟ್‌ನಲ್ಲಿ, ದುರಸ್ತಿ ಕೆಲಸ ನಡೆಯುತ್ತಿದ್ದಾಗಲೇ ದೇವರಾಜ ಮಾರುಕಟ್ಟೆಯ ಉತ್ತರ ದ್ವಾರದ ಭಾಗ ಉರುಳಿಬಿತ್ತು. ಕೆಡವಿ ಕಟ್ಟಬೇಕೆ, ಉಳಿಸಿ ದುರಸ್ತಿ ಮಾಡಬೇಕೆ, ಕೆಡವಿದರೆ ಮುಂಭಾಗದ ಕಮಾನುಗಳನ್ನು ಮೊದಲಿದ್ದಂತೆಯೇ ನಿಲ್ಲಿಸಬೇಕೆ, ಅಲ್ಲಿಯವರೆಗೆ ವ್ಯಾಪಾರಿಗಳು ಎಲ್ಲಿಗೆ ಹೋಗಬೇಕು ಎಂಬ ಪ್ರಶ್ನೆಗಳು ಅಂದಿನಿಂದ ತಜ್ಞರ ಸಮಿತಿಗಳನ್ನೂ ನ್ಯಾಯಾಲಯವನ್ನೂ ಸುತ್ತಿ ಬಂದಿವೆ. ಎಲ್ಲವೂ ಕೇಳಲೇಬೇಕಾದ ಪ್ರಶ್ನೆಗಳು. ಆದರೆ ಅವೆಲ್ಲ ಗೋಡೆ, ಕಮಾನು, ಚಾವಣಿಗೆ ಸಂಬಂಧಿಸಿದವು. ಆ ಗೋಡೆಗಳ ಅಡಿಯಲ್ಲಿ ಏನಿದೆ, ಹೊಸ ಅಡಿಪಾಯಕ್ಕೆ ಅಗೆಯುವ ಮುನ್ನ ಅದನ್ನು ತಿಳಿದವರೊಬ್ಬರು ನೋಡಬೇಡವೇ ಎಂಬ ಮಾತು ಈ ಚರ್ಚೆಯಲ್ಲಿ ಕೇಳಿಬಂದದ್ದು ಬಹಳ ಕಡಿಮೆ.

ಹಾಗೆ ನೋಡುವುದಕ್ಕೆ ಒಂದು ಸರಳ ವಿಧಾನವಿದೆ. ಕಟ್ಟಡದ ನಕ್ಷೆ ಅಂತಿಮವಾಗುವ ಮೊದಲೇ ನಿವೇಶನದ ಆಯ್ದ ಕೆಲವು ಕಡೆ ಕಿರಿದಾದ, ಉದ್ದನೆಯ ಟ್ರೆಂಚ್‌ಗಳನ್ನು ತೆಗೆದು, ನೆಲದಡಿಯ ಪದರಗಳನ್ನು ಓದಿ, ದಾಖಲಿಸಿ, ಮುಚ್ಚುವುದು. ಪೂರ್ಣ ಪ್ರಮಾಣದ ಉತ್ಖನನದ ಹಾಗೆ ಇಡೀ ಜಾಗವನ್ನು ಬಿಡಿಸುವ ಉದ್ದೇಶ ಇದಕ್ಕಿಲ್ಲ. ಇಲ್ಲಿ ಹಳೆಯ ಕಾಲದ ಕುರುಹುಗಳಿವೆಯೇ, ಇದ್ದರೆ ಎಷ್ಟು ಆಳದಲ್ಲಿ, ಎಷ್ಟು ಹಾಳಾಗದೆ ಉಳಿದಿವೆ, ಕಟ್ಟಬೇಕೆಂದಿರುವ ಅಡಿಪಾಯ ಅವುಗಳನ್ನು ಮುಟ್ಟುತ್ತದೆಯೇ ಎಂಬ ನಾಲ್ಕು ಪ್ರಶ್ನೆಗಳಿಗೆ ಉತ್ತರ ಸಿಕ್ಕರೆ ಅದರ ಕೆಲಸ ಮುಗಿಯಿತು. ಏನೂ ಇಲ್ಲ ಎಂದು ತಿಳಿದುಬಂದರೂ ಅದು ಫಲಿತಾಂಶವೇ. ಕಟ್ಟುವವನು ನಿಶ್ಚಿಂತೆಯಿಂದ ಕೆಲಸ ಶುರು ಮಾಡಬಹುದು.

ಮೈಸೂರಿನಂಥ ಊರಿನಲ್ಲಿ ಇದರ ಅಗತ್ಯವೇನು ಎಂದು ಕೇಳುವವರಿಗೆ ಊರಿನ ಇತಿಹಾಸದಲ್ಲೇ ಉತ್ತರವಿದೆ. ಇಲ್ಲಿನ ಕೋಟೆಯನ್ನು 1524ರಲ್ಲಿ ಕಟ್ಟಿದರೆಂಬುದು ರೂಢಿಯಲ್ಲಿರುವ ಮಾತು. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ವಶಪಡಿಸಿಕೊಂಡು ರಾಜಧಾನಿಯನ್ನು ಅಲ್ಲಿಗೆ ಒಯ್ದರು. ಅದು ಮೈಸೂರಿಗೆ ಮರಳಿದ್ದು 1799ರಲ್ಲಿ. ನಡುವಿನ ಸುಮಾರು ಇನ್ನೂರು ವರ್ಷ ಮೈಸೂರು ಹೇಗಿತ್ತು? ಕೋಟೆಯ ಹೊರಗಿನ ಪೇಟೆ ಬೆಳೆಯುತ್ತಲೇ ಇತ್ತೇ, ಕುಗ್ಗಿತ್ತೇ, ಎಲ್ಲಿಯವರೆಗೆ ಹಬ್ಬಿತ್ತು? ಶಾಸನ, ಬಖೈರು, ಪ್ರವಾಸಿಗಳ ಬರಹ ಅರಸರ ಬಗ್ಗೆ, ಯುದ್ಧದ ಬಗ್ಗೆ, ದತ್ತಿಗಳ ಬಗ್ಗೆ ಹೇಳುವಷ್ಟನ್ನು ಪೇಟೆಯ ಮನೆ, ಅಂಗಡಿ, ಬಾವಿ, ಚರಂಡಿಗಳ ಬಗ್ಗೆ ಹೇಳುವುದಿಲ್ಲ. ಅದನ್ನು ಹೇಳಬಲ್ಲದ್ದು ಮಣ್ಣು ಮಾತ್ರ.

ಇನ್ನೂ ಸ್ವಾರಸ್ಯಕರವಾದ ಸಂಗತಿ ಕಲ್ಲುಗಳದು. ಟಿಪ್ಪು ಸುಲ್ತಾನ್ 1780ರ ದಶಕದ ಕೊನೆಯಲ್ಲಿ ಮೈಸೂರಿನ ಹಳೆಯ ಕೋಟೆಯನ್ನು ಕೆಡವಿಸಿ, ಅದರ ಕಲ್ಲುಗಳನ್ನು ಪೂರ್ವದ ದಿಬ್ಬಕ್ಕೆ ಸಾಗಿಸಿ ನಜರ್‌ಬಾದ್ ಎಂಬ ಹೊಸ ಕೋಟೆಯನ್ನು ಕಟ್ಟಿಸಲು ತೊಡಗಿದ್ದನ್ನೂ, 1799ರ ನಂತರ ಅದೇ ಕಲ್ಲುಗಳು ಹಿಂದಕ್ಕೆ ಬಂದು ಮೈಸೂರು ಕೋಟೆ ಮರಳಿ ಎದ್ದುದನ್ನೂ ಇತಿಹಾಸಕಾರರು ದಾಖಲಿಸಿದ್ದಾರೆ. ಅಂದರೆ ಈ ಊರಿನಲ್ಲಿ ಕಲ್ಲಿನ ಹಳಮೆಯನ್ನು ನೋಡಿ ಗೋಡೆಯ ಕಾಲ ಹೇಳುವುದು ಕಷ್ಟ. ಎರಡು ಸಲ ಗಾಡಿ ಹತ್ತಿದ ಕಲ್ಲು ಅದು. ಕಲ್ಲು ಹೋದ ಜಾಗ ಮಾತ್ರ ಸುಳ್ಳು ಹೇಳುವುದಿಲ್ಲ. ಗೋಡೆಯ ಅಡಿಪಾಯದಿಂದ ಕಲ್ಲನ್ನು ಕಿತ್ತಾಗ ನೆಲದಲ್ಲಿ ಗೋಡೆಯಷ್ಟೇ ಅಗಲದ ಒಂದು ಹಳ್ಳ ಉಳಿಯುತ್ತದೆ. ಕ್ರಮೇಣ ಅದರೊಳಗೆ ಉದುರಿದ ಗಾರೆ, ಸುಣ್ಣದ ಪುಡಿ, ಒಡೆದ ಇಟ್ಟಿಗೆ, ಕಪ್ಪು ಮಣ್ಣು ತುಂಬಿಕೊಳ್ಳುತ್ತವೆ. ಮೈಸೂರಿನ ಕೆಂಪು ಮಣ್ಣಿನಲ್ಲಿ ಇಂಥ ಹಳ್ಳ ಬೂದು ಬಣ್ಣದ ನೇರ ಪಟ್ಟಿಯಾಗಿ ಕಾಣಿಸಿಕೊಳ್ಳಬೇಕು. ಗೋಡೆ ಇಲ್ಲದಿದ್ದರೂ ಅದರ ದಿಕ್ಕು, ದಪ್ಪ, ತಿರುವು ಎಲ್ಲವನ್ನೂ ಆ ಪಟ್ಟಿಯಿಂದ ಅಳೆಯಬಹುದು. ಹಳ್ಳದ ತಳದಲ್ಲಿ ಒಂದು ನಾಣ್ಯವೋ ಕಾಲ ಗುರುತಿಸಬಲ್ಲ ಮಡಕೆ ಚೂರೋ ಸಿಕ್ಕರೆ, ಕಲ್ಲು ಕಿತ್ತದ್ದು ಅದಕ್ಕಿಂತ ಮೊದಲಲ್ಲ ಎಂದು ಹೇಳಬಹುದು. ಕೋಟೆಯ ಸುತ್ತಮುತ್ತಲಲ್ಲೂ ನಜರ್‌ಬಾದಿನಲ್ಲೂ ಈ ಬಗೆಯ ಕುರುಹೇ ಹೆಚ್ಚು ಉಳಿದಿರುವ ಸಂಭವವಿದೆ. ಆದರೆ ಅಡಿಪಾಯ ತೆಗೆಯುವ ಯಂತ್ರದ ಚಾಲಕನಿಗೆ ಅದು ಮಣ್ಣಿನ ಬಣ್ಣ ತುಸು ಬದಲಾದದ್ದು ಮಾತ್ರ. ಅದಕ್ಕಾಗಿ ಅವನು ಯಂತ್ರ ನಿಲ್ಲಿಸುವುದಿಲ್ಲ. ಅವನನ್ನು ದೂರುವಂತೆಯೂ ಇಲ್ಲ.

ದೇವರಾಜ ಮಾರುಕಟ್ಟೆಯ ಪಕ್ಕದ ಸಯ್ಯಾಜಿರಾವ್ ರಸ್ತೆಯನ್ನೇ ತೆಗೆದುಕೊಳ್ಳೋಣ. ದಸರಾ ಜಂಬೂಸವಾರಿ ಸಾಗುವ ಈ ರಸ್ತೆ ಒಂದು ಕಾಲದಲ್ಲಿ ನಾಲೆಯಾಗಿತ್ತು. ದಿವಾನ್ ಪೂರ್ಣಯ್ಯನವರು ಕಾವೇರಿಯ ನೀರನ್ನು ಮೈಸೂರಿಗೆ ತರಲೆಂದು ಆರಂಭಿಸಿದ ಕಾಲುವೆ ಅಂದುಕೊಂಡಂತೆ ಪೂರ್ಣಗೊಳ್ಳದೆ, ಊರೊಳಗಿನ ಅದರ ಭಾಗ ಪೂರ್ಣಯ್ಯನ ನಾಲೆ ಎಂಬ ಹೆಸರಿನಲ್ಲಿ ಕೊಳಚೆ ಹರಿಯುವ ಕಾಲುವೆಯಾಗಿ ಉಳಿದು, 19ನೆಯ ಶತಮಾನದ ಕೊನೆಯ ದಶಕಗಳಲ್ಲಿ ಅದನ್ನು ಮುಚ್ಚಿ ರಸ್ತೆ ಮಾಡಲಾಯಿತು. ಹಾಗಿದ್ದರೆ ರಸ್ತೆಯ ಅಂಚಿನಿಂದ ಮಾರುಕಟ್ಟೆಯ ಒಳಕ್ಕೆ, ನಾಲೆಗೆ ಅಡ್ಡಲಾಗಿ ಒಂದು ಟ್ರೆಂಚ್ ತೆಗೆದರೆ ಏನು ಕಾಣಬಹುದು? ನಾಲೆಯ ದಡ ಎಲ್ಲಿತ್ತು, ಕಲ್ಲಿನ ಕಟ್ಟು ಇತ್ತೇ, ತಳದಲ್ಲಿ ಕೂತ ಹೂಳು ಎಷ್ಟು ದಪ್ಪ, ಮುಚ್ಚಲು ತಂದು ಸುರಿದ ಮಣ್ಣು ಎಲ್ಲಿಯದು ಎಂಬುದು ತಿಳಿದೀತು. ಊರಿನ ಕಸವೆಲ್ಲ ಹೋಗಿ ಬೀಳುತ್ತಿದ್ದ ನಾಲೆಯ ಹೂಳೆಂದರೆ ಪುರಾತತ್ವಜ್ಞರಿಗೆ ಉಗ್ರಾಣವಿದ್ದ ಹಾಗೆ. ತೇವ ಆರದ ಕೆಸರಿನಲ್ಲಿ ಮರ, ತೊಗಲು, ಕಾಳು, ಬೀಜಗಳಂಥವೂ ಉಳಿದಿರಬಹುದು. ಊರು ಏನು ತಿನ್ನುತ್ತಿತ್ತು, ಏನು ಬಳಸಿ ಬಿಸಾಡುತ್ತಿತ್ತು ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ದಾಖಲೆ ಅರಮನೆಯ ಕಡತದಲ್ಲೂ ಸಿಗದು.

ಇದರಲ್ಲಿ ಎಂಜಿನಿಯರುಗಳಿಗೂ ಲಾಭವಿದೆ ಎಂಬುದನ್ನು ಹೇಳಲೇಬೇಕು. ಮುಚ್ಚಿದ ನಾಲೆಯ ಅಂಚಿನಲ್ಲಿ ಕಟ್ಟಡದ ಅರ್ಧ ಗಟ್ಟಿ ನೆಲದ ಮೇಲೂ ಉಳಿದರ್ಧ ತುಂಬಿದ ಮಣ್ಣಿನ ಮೇಲೂ ಕೂತರೆ, ಎರಡು ಬದಿ ಒಂದೇ ಸಮನೆ ಇಳಿಯದೆ ಗೋಡೆ ಬಿರುಕು ಬಿಡುತ್ತದೆ. ನಾಲೆಯ ದಡ ಎಲ್ಲಿದೆ ಎಂದು ಮೊದಲೇ ಗೊತ್ತಾದರೆ ಅಡಿಪಾಯದ ವಿನ್ಯಾಸ ಅದಕ್ಕೆ ತಕ್ಕಂತೆ ಬದಲಾಗುತ್ತದೆ. ಮೈಸೂರಿನಲ್ಲಿ ಇಂಥ ಜಾಗ ಒಂದೆರಡಲ್ಲ. ವಸ್ತುಪ್ರದರ್ಶನ ನಡೆಯುವ ದೊಡ್ಡಕೆರೆ ಮೈದಾನ ಹೆಸರೇ ಹೇಳುವಂತೆ ಕೆರೆಯಾಗಿತ್ತು; ಜೆ.ಕೆ. ಮೈದಾನವೆಂದು ಎಲ್ಲರೂ ಕರೆಯುವುದು ಜೀವನರಾಯನಕಟ್ಟೆಯನ್ನು. ಸುಬ್ಬರಾಯನಕೆರೆಯಲ್ಲಿ ಈಗ ನೀರಿಲ್ಲ, ಉದ್ಯಾನವಿದೆ. ಕೋಟೆಯ ಸುತ್ತಲಿನ ಕಂದಕವೂ ಬಹುಪಾಲು ಮುಚ್ಚಿಹೋಗಿದೆ.

ಈಗ ದೊಡ್ಡ ಕಟ್ಟಡ ಕಟ್ಟುವ ಮುನ್ನ ಮಣ್ಣು ಪರೀಕ್ಷೆ ಮಾಡುತ್ತಾರಲ್ಲ, ಅದು ಸಾಲದೇ ಎಂಬ ಪ್ರಶ್ನೆ ಬರುತ್ತದೆ. ಸಾಲದು. ಮಣ್ಣು ಪರೀಕ್ಷೆಯಲ್ಲಿ ಒಂದು ಗೇಣಿನಷ್ಟೂ ಅಗಲವಿಲ್ಲದ ಕೊಳವೆ ಕೊರೆದು, ನೆಲ ಎಷ್ಟು ಭಾರ ತಡೆಯುತ್ತದೆ ಎಂದು ನೋಡುತ್ತಾರೆ. ವರದಿಯ ಮೊದಲ ಸಾಲಿನಲ್ಲಿ ಸಾಮಾನ್ಯವಾಗಿ ಇಷ್ಟು ಮೀಟರಿನವರೆಗೆ ತುಂಬಿದ ಮಣ್ಣು ಎಂದಿರುತ್ತದೆ. ಅದನ್ನು ತೆಗೆದುಹಾಕಿ ಗಟ್ಟಿ ಗರಸಿನ ಮೇಲೆ ಅಡಿಪಾಯ ಇಡಿ ಎಂಬ ಸಲಹೆ ಅದರ ಹಿಂದೆಯೇ ಬರುತ್ತದೆ. ಎಂಜಿನಿಯರಿಂಗ್ ದೃಷ್ಟಿಯಿಂದ ಆ ಸಲಹೆ ಸರಿಯಾದದ್ದೇ. ಆದರೆ ಹಳೆಯ ಪೇಟೆಯ ನಾಲ್ಕು ನೂರು ವರ್ಷದ ಬದುಕು ಇರುವುದೆಲ್ಲ ಆ ತೆಗೆದುಹಾಕಬೇಕಾದ ಪದರದಲ್ಲೇ. ಹಿಂದಿನ ಮನೆಗಳ ಅಡಿಪಾಯ ಆಳವಿರುತ್ತಿರಲಿಲ್ಲವಾದ್ದರಿಂದ ಒಂದು ಮನೆಯ ಮೇಲೆ ಇನ್ನೊಂದು ಎದ್ದರೂ ಕೆಳಗಿನದರ ಗುರುತು ಅಳಿಯುತ್ತಿರಲಿಲ್ಲ. ಈಗಿನ ಬೇಸ್‌ಮೆಂಟ್ ಪಾರ್ಕಿಂಗ್ ಹಾಗಲ್ಲ: ಇಡೀ ನಿವೇಶನವನ್ನು ಅಂಚಿನಿಂದ ಅಂಚಿಗೆ ಮೂರು ಮೀಟರಿಗೂ ಹೆಚ್ಚು ಆಳಕ್ಕೆ ತೋಡುತ್ತದೆ. ಊರಿನ ಮಧ್ಯದಲ್ಲಿ ಪಾರ್ಕಿಂಗ್ ಬೇಕೆಂಬ ಒತ್ತಡ ಹೆಚ್ಚಿದಷ್ಟೂ ಈ ನಷ್ಟ ಹೆಚ್ಚುತ್ತದೆ. ನನ್ನ ಮಟ್ಟಿಗೆ ಮೈಸೂರಿನ ನೆಲದಡಿಯ ಇತಿಹಾಸಕ್ಕೆ ಬಹುಮಹಡಿ ಕಟ್ಟಡಗಳಿಗಿಂತ ಅವುಗಳ ಕೆಳಗಿನ ಕಾರು ನಿಲ್ಲಿಸುವ ಜಾಗವೇ ದೊಡ್ಡ ಅಪಾಯ.

ಪರೀಕ್ಷಾರ್ಥ ಅಗೆತ ನಡೆಯುವ ಬಗೆಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಮೊದಲ ಹಂತ ಕಚೇರಿಯಲ್ಲಿ: ಹಳೆಯ ಸರ್ವೆ ನಕ್ಷೆಗಳು, ಪುರಸಭೆಯ ಕಡತಗಳು, ಪತ್ರಾಗಾರದ ದಾಖಲೆಗಳು, ಹಳೆಯ ಛಾಯಾಚಿತ್ರಗಳನ್ನು ಒಟ್ಟಿಗೆ ಇಟ್ಟು, ಯಾವ ಪ್ರಶ್ನೆಗೆ ಎಲ್ಲಿ ಅಗೆಯಬೇಕು ಎಂದು ತೀರ್ಮಾನಿಸುತ್ತಾರೆ. ಬಯಲು ಜಾಗವಾದರೆ ಎರಡು ಮೀಟರ್ ಅಗಲ, ಮೂವತ್ತು ಮೀಟರಿನಷ್ಟು ಉದ್ದದ ಟ್ರೆಂಚ್‌ಗಳನ್ನು ಒಂದಕ್ಕೊಂದು ಓರೆಯಾಗಿ ಹರಡಿ ಹಾಕುವುದು ವಾಡಿಕೆ. ಪೇಟೆಯ ನಡುವೆ ಅಷ್ಟು ಜಾಗ ಸಿಗದು; ಕೇಬಲ್ಲು, ಒಳಚರಂಡಿ, ನೀರಿನ ಕೊಳವೆ ತಪ್ಪಿಸಿ ಚಿಕ್ಕ ಚೌಕಗಳಿಗೆ ತೃಪ್ತಿಪಡಬೇಕಾಗುತ್ತದೆ. ಮೇಲಿನ ಕಾಂಕ್ರೀಟು, ಡಾಂಬರು, ಇತ್ತೀಚಿನ ಕಲ್ಲುಮಣ್ಣನ್ನು ಯಂತ್ರದಿಂದಲೇ ತೆಗೆಯಬಹುದು. ಆದರೆ ಬಕೆಟ್ಟಿಗೆ ಹಲ್ಲುಗಳಿರಬಾರದು, ಅಂಚು ಸಪಾಟಾಗಿರಬೇಕು, ಒಂದೊಂದು ಸಲಕ್ಕೆ ತೆಳುವಾಗಿ ಕೆರೆಯಬೇಕು, ಪಕ್ಕದಲ್ಲಿ ನಿಂತು ನೋಡುವ ಪುರಾತತ್ವಜ್ಞ ಕೈ ಎತ್ತಿದ ಕ್ಷಣ ನಿಲ್ಲಬೇಕು. ಅಲ್ಲಿಂದ ಮುಂದೆ ಗುದ್ದಲಿ, ಕರಣೆ, ಬ್ರಷ್ಷು, ಬಾಂಡ್ಲಿ, ಜರಡಿಗಳ ಕೆಲಸ.

ಟ್ರೆಂಚಿನ ಬದಿಯ ಗೋಡೆಯನ್ನು ಕರಣೆಯಿಂದ ನುಣ್ಣಗೆ ಹೆರೆದಾಗ ಪದರಗಳು ಒಂದರ ಮೇಲೊಂದು ಕಾಣಿಸುತ್ತವೆ. ಉದಾಹರಣೆಗೆ, ಮೇಲ್ಗಡೆ ಸಿಮೆಂಟಿನ ಹಾಸು. ಅದರ ಕೆಳಗೆ ಒಡೆದ ಮಂಗಳೂರು ಹೆಂಚುಗಳಿರುವ ಪದರ. ಅದರಡಿ ಸುಣ್ಣದ ಗಾರೆಯ ನೆಲ. ಆ ನೆಲವನ್ನು ಕತ್ತರಿಸಿ ಇಳಿದ ಒಂದು ಕಸದ ಗುಂಡಿ. ತಳದಲ್ಲಿ ಮನುಷ್ಯರ ಕೈ ತಾಗದ ಕೆಂಪು ಗರಸು ಎಂದಿಟ್ಟುಕೊಳ್ಳೋಣ. ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಆರಂಭಿಸಿದ್ದು 1865ರಲ್ಲಿ. ಹೆಂಚಿನ ಚೂರಿನ ಮೇಲೆ ಅವರ ಮುದ್ರೆ ಕಂಡರೆ ಆ ಪದರ 1865ಕ್ಕಿಂತ ಹಿಂದಿನದಾಗಿರಲು ಸಾಧ್ಯವಿಲ್ಲ. ಹೆಂಚಿನ ಪದರ ಗಾರೆ ನೆಲದ ಮೇಲೆ ಕೂತಿರುವುದರಿಂದ ನೆಲ ಅದಕ್ಕಿಂತ ಹಿಂದಿನದು. ಗುಂಡಿ ನೆಲವನ್ನು ಕತ್ತರಿಸಿರುವುದರಿಂದ ನೆಲಕ್ಕಿಂತ ಈಚಿನದು. ಗುಂಡಿಯ ಬಾಯಿಯನ್ನು ಹೆಂಚಿನ ಪದರ ಮುಚ್ಚಿದ್ದರೆ ಗುಂಡಿ ಎರಡರ ನಡುವಿನದು. ಹೀಗೆ ಒಂದು ಹೆಂಚಿನ ಚೂರು ಮೂರು ಘಟನೆಗಳನ್ನು ಸಾಲಾಗಿ ನಿಲ್ಲಿಸುತ್ತದೆ. ಪ್ರತಿ ಪದರಕ್ಕೂ ಪ್ರತಿ ಗುಂಡಿಗೂ ಬೇರೆ ಬೇರೆ ಸಂಖ್ಯೆ ಕೊಟ್ಟು, ಮಟ್ಟ ಅಳೆದು, ಗ್ರಾಫ್ ಹಾಳೆಯ ಮೇಲೆ ಚಿತ್ರ ಬರೆದು, ಅಳತೆಪಟ್ಟಿ ಇಟ್ಟು ಫೋಟೊ ತೆಗೆದು, ಸಿಕ್ಕ ಚೂರುಗಳನ್ನು ಆಯಾ ಸಂಖ್ಯೆಯ ಚೀಲಕ್ಕೆ ಹಾಕಿದ ಮೇಲೆ ಟ್ರೆಂಚ್ ಮುಚ್ಚುತ್ತಾರೆ. ಪತ್ರಿಕೆಗಳಲ್ಲಿ ಸುದ್ದಿಯಾಗುವಂಥದ್ದು ಇದರಲ್ಲಿ ಬಹುತೇಕ ಏನೂ ಇರುವುದಿಲ್ಲ.

ಸುದ್ದಿಯಾಗುವುದು ವಸ್ತು ಸಿಕ್ಕಾಗ. 2012ರಲ್ಲಿ ಬೆಂಗಳೂರಿನ ಕೆ.ಆರ್. ಮಾರುಕಟ್ಟೆಯ ಬಳಿ, ಹಳೆಯ ಕೋಟೆಯ ಪ್ರದೇಶದಲ್ಲಿ, ಮೆಟ್ರೊ ಕಾಮಗಾರಿಗೆ ಅಗೆಯುವಾಗ ಎರಡು ಫಿರಂಗಿಗಳು ಸಿಕ್ಕವು. ಕಾಮಗಾರಿಯ ನಡುವೆ ಹೀಗೆ ಏನಾದರೂ ಸಿಕ್ಕಾಗ ವಸ್ತುವೇನೋ ಉಳಿಯುತ್ತದೆ. ಆದರೆ ಅದು ಯಾವ ಪದರದಲ್ಲಿ, ಯಾವುದರ ಜೊತೆ, ಬಿದ್ದಿತ್ತೇ ಅಥವಾ ಹೂಳಿದ್ದರೇ ಎಂಬುದು ಯಂತ್ರದ ಬಕೆಟ್ಟಿನಲ್ಲಿ ಕಲಸಿಹೋಗುವ ಸಂಭವವೇ ಹೆಚ್ಚು. ಇದಕ್ಕೆ ಎದುರಾಗಿ ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲ್ಲೂಕಿನ ನಗರದಲ್ಲಿ 2018ರಲ್ಲಿ ಪಾಳು ಬಾವಿಯೊಂದರಿಂದ ಹೈದರ್-ಟಿಪ್ಪು ಕಾಲದ ಸಾವಿರಕ್ಕೂ ಹೆಚ್ಚು ಯುದ್ಧ ರಾಕೆಟ್‌ಗಳನ್ನು ಹೊರತೆಗೆದದ್ದನ್ನು ನೋಡಬಹುದು. ಅಲ್ಲಿ ರಾಜ್ಯ ಪುರಾತತ್ವ ಇಲಾಖೆಯ ತಂಡವೇ ಇಳಿದು ಬಾವಿಯನ್ನು ಬಿಡಿಸಿತು. ಯಾರೋ ಕಬ್ಬಿಣದ ಕೊಳವೆಗಳೆಂದು ಗುಜರಿಗೆ ಹಾಕಬಹುದಾಗಿದ್ದದ್ದು ಮೈಸೂರು ಸಂಸ್ಥಾನದ ಯುದ್ಧತಂತ್ರದ ಪುರಾವೆಯಾಗಿ ಉಳಿಯಿತು. ಅಗೆಯುವವರು ಯಾರು, ಯಾವಾಗ ಕರೆಸಿಕೊಂಡರು ಎಂಬುದರ ಮೇಲೆ ಇಷ್ಟು ವ್ಯತ್ಯಾಸವಾಗುತ್ತದೆ.

ಕಾನೂನು ಏನು ಹೇಳುತ್ತದೆ? ನಮ್ಮ ಕಾನೂನುಗಳ ಗಮನವೆಲ್ಲ ಈಗಾಗಲೇ ಗುರುತಿಸಿದ ಸ್ಮಾರಕದ ಮೇಲೆ, ಇಲ್ಲವೇ ಈಗಾಗಲೇ ಕೈಗೆ ಸಿಕ್ಕ ವಸ್ತುವಿನ ಮೇಲೆ. 1958ರ ಪ್ರಾಚೀನ ಸ್ಮಾರಕಗಳ ಕೇಂದ್ರ ಕಾಯ್ದೆಯೂ 1961ರ ರಾಜ್ಯ ಕಾಯ್ದೆಯೂ ಸಂರಕ್ಷಿತವೆಂದು ಘೋಷಿಸಿದ ಸ್ಥಳಗಳನ್ನು ಕಾಯುತ್ತವೆ. ಕೇಂದ್ರ ಕಾಯ್ದೆಗೆ 2010ರಲ್ಲಿ ಬಂದ ತಿದ್ದುಪಡಿಯ ಪ್ರಕಾರ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆ ಇನ್ನೂ 200 ಮೀಟರ್ ನಿಯಂತ್ರಿತ ಪ್ರದೇಶ. ರಾಜ್ಯದ 1962ರ ನಿಧಿ ಕಾಯ್ದೆ, ನೆಲದಲ್ಲಿ ಹುದುಗಿದ ಬೆಲೆಬಾಳುವ ವಸ್ತು ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಬೇಕು ಎನ್ನುತ್ತದೆ. ಗೋಡೆ ಕಿತ್ತ ಹಳ್ಳವಾಗಲಿ ನಾಲೆಯ ಹೂಳಾಗಲಿ ಆ ಕಾಯ್ದೆಯ ಕಣ್ಣಿಗೆ ಬೀಳುವಂಥದ್ದಲ್ಲ. 20,000 ಚದರ ಮೀಟರಿಗೂ ಮೀರಿದ ಕಟ್ಟಡಗಳಿಗೆ ಪರಿಸರ ಅನುಮತಿ ಬೇಕೆಂದ 2006ರ ಅಧಿಸೂಚನೆಯ ನಮೂನೆಯಲ್ಲಿ, ಹತ್ತಿರದಲ್ಲಿ ಪುರಾತತ್ವ ನಿವೇಶನಗಳಿವೆಯೇ ಎಂಬ ಪ್ರಶ್ನೆಯೇನೋ ಇದೆ. ಆದರೆ ಅದು ತಿಳಿದಿರುವುದನ್ನು ಕೇಳುತ್ತದೆ; ಅಗೆದು ತಿಳಿದುಕೊಂಡು ಬಾ ಎನ್ನುವುದಿಲ್ಲ.

ಇದೆಲ್ಲಕ್ಕಿಂತ ವಿಚಿತ್ರವಾದದ್ದು ಕೇಂದ್ರ ಕಾಯ್ದೆಯ 24ನೆಯ ಸೆಕ್ಷನ್. ಸಂರಕ್ಷಿತವಲ್ಲದ ಪ್ರದೇಶದಲ್ಲೂ ಪುರಾತತ್ವದ ಉದ್ದೇಶಕ್ಕಾಗಿ ಉತ್ಖನನವನ್ನು ತಾನೇ ಮಾಡಲಿಕ್ಕಾಗಲಿ ಬೇರೆಯವರಿಂದ ಮಾಡಿಸಲಿಕ್ಕಾಗಲಿ ರಾಜ್ಯ ಸರ್ಕಾರಕ್ಕೆ ಕೇಂದ್ರ ಸರ್ಕಾರದ ಪೂರ್ವಾನುಮತಿ ಬೇಕು ಎನ್ನುತ್ತದೆ ಅದು. ನಿಧಿಯಾಸೆಗೆ ಕಂಡಕಂಡಲ್ಲಿ ಅಗೆಯುವುದನ್ನೂ ಅರೆಬರೆ ತಿಳಿದವರು ನೆಲೆಗಳನ್ನು ಕೆಡಿಸುವುದನ್ನೂ ತಡೆಯುವ ಒಳ್ಳೆಯ ಉದ್ದೇಶ ಅದರ ಹಿಂದಿದೆ. ಆದರೆ ಪೇಟೆಯ ನಿವೇಶನದ ಮಟ್ಟಿಗೆ ಅದರ ಪರಿಣಾಮ ಹೀಗಾಗುತ್ತದೆ: ಪಾಲಿಕೆಯ ಜಾಗದಲ್ಲಿ ಬೇಸ್‌ಮೆಂಟಿಗಾಗಿ ಸಾವಿರಾರು ಲೋಡ್ ಮಣ್ಣು ತೆಗೆಯುವುದಕ್ಕೆ ಪಾಲಿಕೆಯ ಪರವಾನಗಿ ಸಾಕು, ಅದೇ ಜಾಗದಲ್ಲಿ, ಅದೇ ಮಣ್ಣನ್ನು, ಏನಿದೆ ಎಂದು ತಿಳಿಯುವ ಸಲುವಾಗಿ ಕರಣೆ ಹಿಡಿದು ಎರಡು ಮೀಟರ್ ಅಗಲಕ್ಕೆ ಕೆರೆಯುವುದಕ್ಕೆ ದೆಹಲಿಯ ಒಪ್ಪಿಗೆ ಬೇಕು. ನಾಶ ಮಾಡುವ ಅಗೆತಕ್ಕಿಂತ ಓದುವ ಅಗೆತ ಕಷ್ಟವಾಗಿರುವ ಈ ವ್ಯವಸ್ಥೆಯಲ್ಲಿ, ಯಾವ ಪಾಲಿಕೆ ಆಯುಕ್ತರೂ ಗುತ್ತಿಗೆದಾರರೂ ಎರಡನೆಯದನ್ನು ತಾವಾಗಿ ಆರಿಸಿಕೊಳ್ಳಲಾರರು. ಆದ್ದರಿಂದ ಮೊದಲು ಬದಲಾಗಬೇಕಾದದ್ದು ಇದು. ಅಭಿವೃದ್ಧಿ ಯೋಜನೆಗಳಿಗೆ ಮುಂಚಿನ ಪರೀಕ್ಷಾರ್ಥ ಅಗೆತಕ್ಕೆ ಪ್ರಕರಣವಾರು ಅನುಮತಿಯ ಬದಲು ರಾಜ್ಯ ಇಲಾಖೆಗೆ, ಮೈಸೂರು ವಿಶ್ವವಿದ್ಯಾನಿಲಯದ ಪ್ರಾಚೀನ ಇತಿಹಾಸ ಮತ್ತು ಪುರಾತತ್ವ ವಿಭಾಗದಂಥ ಸಂಸ್ಥೆಗಳಿಗೆ, ಆಳ, ವಿಸ್ತಾರ, ವರದಿಯ ಗಡುವು ಮುಂತಾದ ಷರತ್ತುಗಳೊಡನೆ ಸಾಮಾನ್ಯ ಅನುಮತಿಯೊಂದನ್ನು ಕೇಂದ್ರ ಕೊಡಲು ಸಾಧ್ಯವಿರಬೇಕು. ಆ ಸೆಕ್ಷನ್ನೇ ಕೇಂದ್ರದ ನಿಯಮ, ನಿರ್ದೇಶನಗಳ ಮಾತನ್ನೂ ಆಡುವುದರಿಂದ ಕಾಯ್ದೆ ತಿದ್ದದೆಯೂ ಇದನ್ನು ಮಾಡಬಹುದೆಂದು ನನಗೆ ತೋರುತ್ತದೆ.

ಬೇರೆ ದೇಶಗಳೂ ಈ ತಿಳಿವಳಿಕೆಗೆ ಬಂದದ್ದು ಸುಲಭವಾಗಿಯಲ್ಲ. 1989ರಲ್ಲಿ ಲಂಡನ್ನಿನಲ್ಲಿ ಕಚೇರಿ ಕಟ್ಟಡವೊಂದಕ್ಕೆ ಅನುಮತಿ ಸಿಕ್ಕ ಮೇಲೆ ಆ ಜಾಗದಲ್ಲಿ ಎಲಿಜಬೆತ್ ಕಾಲದ ರೋಸ್ ನಾಟಕಶಾಲೆಯ ಅಡಿಪಾಯ ಸಿಕ್ಕಿತು. ನಟರು, ವಿದ್ವಾಂಸರು ಬೀದಿಗಿಳಿದರು, ಕೆಲಸ ನಿಂತಿತು, ಕೊನೆಗೆ ಅವಶೇಷದ ಮೇಲೆ ಸೇತುವೆಯಂತೆ ಕಟ್ಟಡವನ್ನು ಮರುವಿನ್ಯಾಸ ಮಾಡಬೇಕಾಯಿತು. ಮರುವರ್ಷವೇ ಇಂಗ್ಲೆಂಡಿನ ಸರ್ಕಾರ ಯೋಜನಾ ಮಾರ್ಗಸೂಚಿಯೊಂದನ್ನು ಹೊರಡಿಸಿ, ಅನುಮತಿಗೆ ಮೊದಲೇ ನೆಲದಡಿಯ ಮಾಹಿತಿ ಒದಗಿಸುವ ಹೊಣೆಯನ್ನೂ ಅದರ ವೆಚ್ಚವನ್ನೂ ಕಟ್ಟುವವರ ಮೇಲೆ ಹಾಕಿತು. ಫ್ರಾನ್ಸ್ 2001ರಲ್ಲಿ ಇದಕ್ಕೆಂದೇ ಕಾನೂನು ಮಾಡಿ, ಕೆಲಸ ನಡೆಸಲು ಒಂದು ರಾಷ್ಟ್ರೀಯ ಸಂಸ್ಥೆಯನ್ನೇ ಸ್ಥಾಪಿಸಿತು. ಗಮನಿಸಬೇಕಾದ ಅಂಶವೆಂದರೆ, ಅಲ್ಲೆಲ್ಲ ಏನಾದರೂ ಸಿಕ್ಕ ಕೂಡಲೇ ಕಟ್ಟಡ ನಿಲ್ಲುವುದಿಲ್ಲ. ಬಹುಪಾಲು ನಿವೇಶನಗಳಲ್ಲಿ ವಿವರವಾಗಿ ಅಗೆದು, ದಾಖಲಿಸಿ, ಜಾಗವನ್ನು ಬಿಟ್ಟುಕೊಡುತ್ತಾರೆ. ಕೆಲವೆಡೆ ಕಂಬದ ಜಾಗ ಬದಲಿಸಿ, ಇಲ್ಲವೇ ಬೇಸ್‌ಮೆಂಟ್ ಕೈಬಿಟ್ಟು, ಅವಶೇಷವನ್ನು ಕೆಳಗೆ ಹಾಗೆಯೇ ಉಳಿಸುತ್ತಾರೆ.

ನಮ್ಮಲ್ಲಿ ಜನರಿಗೆ ಭಯವಿರುವುದು ಇದೇ ವಿಷಯದಲ್ಲಿ, ಮತ್ತು ಆ ಭಯ ನಿರಾಧಾರವಲ್ಲ. ಶ್ರೀರಂಗಪಟ್ಟಣದ ಕೋಟೆಯೊಳಗೆ ಮನೆ ಇರುವವರನ್ನು ಕೇಳಿದರೆ ಗೊತ್ತಾಗುತ್ತದೆ. ಸಂರಕ್ಷಿತ ಸ್ಮಾರಕಗಳ ನಡುವೆ ಮನೆಯ ಮೇಲೊಂದು ಕೋಣೆ ಹಾಕುವುದಕ್ಕೂ ಕಚೇರಿ ಅಲೆಯಬೇಕು. ಹೀಗಿರುವಾಗ ಅಡಿಪಾಯ ತೆಗೆಯುವಾಗ ಹಳೆಯ ಕಲ್ಲೋ ನಾಣ್ಯವೋ ಸಿಕ್ಕರೆ ಬಾಯಿ ಮುಚ್ಚಿಕೊಂಡು ಮಣ್ಣೆಳೆಯುವುದೇ ಜಾಣತನವೆಂದು ಯಾರಿಗಾದರೂ ಅನ್ನಿಸುತ್ತದೆ. ಪರೀಕ್ಷಾರ್ಥ ಅಗೆತದ ಯಾವ ಯೋಜನೆಯೂ ಗೆಲ್ಲಬೇಕಾದರೆ, ದಾಖಲಿಸಿ ಬಿಟ್ಟುಕೊಡುವುದೇ ನಿಯಮ, ಸಂರಕ್ಷಿತವೆಂದು ಘೋಷಿಸುವುದು ಅಪವಾದ ಎಂಬುದನ್ನು ಲಿಖಿತವಾಗಿ ಮೊದಲೇ ಹೇಳಬೇಕು. ಇಲ್ಲದಿದ್ದರೆ ಅದು ಇನ್ನೊಂದು ಅಡ್ಡಗಾಲು ಎನಿಸಿಕೊಂಡು ಮೂಲೆ ಸೇರುತ್ತದೆ.

ಶ್ರೀರಂಗಪಟ್ಟಣದ ಇನ್ನೊಂದು ಪ್ರಸಂಗವೂ ಇಲ್ಲಿ ಪ್ರಸ್ತುತ. ಬೆಂಗಳೂರು-ಮೈಸೂರು ರೈಲು ಮಾರ್ಗದ ಜೋಡಿ ಹಳಿಗೆ ಅಡ್ಡವಾಗಿದ್ದ ಟಿಪ್ಪು ಕಾಲದ ಮದ್ದಿನ ಮನೆಯನ್ನು 2017ರಲ್ಲಿ ಇಡಿಯಾಗಿ ಎತ್ತಿ, ಸುಮಾರು ನೂರಮೂವತ್ತು ಮೀಟರ್ ದೂರಕ್ಕೆ ಜರುಗಿಸಲಾಯಿತು. ಸುಮಾರು ಸಾವಿರ ಟನ್ ತೂಕದ ಇಟ್ಟಿಗೆ-ಗಾರೆಯ ಕಟ್ಟಡ ಬಿರುಕು ಬಿಡದಂತೆ ಸರಿದದ್ದು ಎಂಜಿನಿಯರಿಂಗ್ ಸಾಹಸವೇ ಸರಿ, ಅದಕ್ಕೆ ಸಂದ ಮೆಚ್ಚುಗೆ ನ್ಯಾಯವಾದದ್ದು. ಆದರೆ ಮದ್ದಿನ ಮನೆಯ ಅರ್ಥ ಅದು ನಿಂತ ಜಾಗದಲ್ಲೂ ಇದೆ: ನೆಲದಲ್ಲಿ ಎಷ್ಟು ಇಳಿಸಿ ಕಟ್ಟಿದ್ದರು, ತೇವ ತಾಗದಂತೆ ಸುತ್ತ ಏನು ಮಾಡಿದ್ದರು, ಸರಕು ಬರುತ್ತಿದ್ದ ದಾರಿ ಯಾವ ಮಟ್ಟದಲ್ಲಿತ್ತು. ಈ ವಿವರಗಳು ಕಟ್ಟಡದ ಜೊತೆ ಹಳಿ ಹತ್ತುವುದಿಲ್ಲ. ಪರಂಪರೆ ಎಂದರೆ ನಮಗೆ ಕಟ್ಟಡವಷ್ಟೇ ಕಣ್ಣಿಗೆ ಬೀಳುತ್ತದೆ ಎಂಬುದಕ್ಕೆ ಆಗ ನಡೆದ ಸಾರ್ವಜನಿಕ ಚರ್ಚೆ ಒಳ್ಳೆಯ ಉದಾಹರಣೆ.

ವಿಳಂಬದ ಆಕ್ಷೇಪವನ್ನೂ ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. 2012ರಿಂದ ಅಂಗಡಿ ಕಳೆದುಕೊಂಡು ಕೂತ ವ್ಯಾಪಾರಿಯ ಎದುರು ನಿಂತು, ಇನ್ನೂ ಒಂದು ಸಮೀಕ್ಷೆ ಆಗಬೇಕಿದೆ ಎನ್ನಲು ಯಾರಿಗೂ ಬಾಯಿ ಬರುವುದಿಲ್ಲ. ಆದರೆ ಈ ಅಗೆತ ವರ್ಷಗಳ ಲೆಕ್ಕದ್ದಲ್ಲ, ವಾರಗಳದ್ದು. ವಿನ್ಯಾಸ, ಟೆಂಡರು, ಮೊಕದ್ದಮೆಗಳೆಂದು ಕಡತ ಅಲೆದಾಡುತ್ತಿರುವ ಕಾಲದಲ್ಲೇ, ಮಣ್ಣು ಪರೀಕ್ಷೆಯ ಜೊತೆಯಲ್ಲೇ ಇದನ್ನು ಮುಗಿಸಬಹುದಿತ್ತು, ಈಗಲೂ ಮುಗಿಸಬಹುದು. ಕೆಲಸದ ಆದೇಶ ಹೊರಟು ಯಂತ್ರ ನಿವೇಶನಕ್ಕೆ ಬಂದ ಮೇಲೆ ನಿಲ್ಲಿಸಿದರೆ ಮಾತ್ರ ದಿನಕ್ಕಿಷ್ಟು ನಷ್ಟವೆಂಬ ಲೆಕ್ಕ ಶುರುವಾಗುತ್ತದೆ. ಮಳೆಗಾಲದಲ್ಲಿ ಟ್ರೆಂಚ್ ತೆಗೆದರೆ ನೀರು ತುಂಬಿ ಬದಿ ಕುಸಿಯುತ್ತದೆಯಾದ್ದರಿಂದ ದಸರಾ ಮುಗಿದು ಮಳೆ ಹಿಂದೆಗೆದ ಮೇಲಿನ ತಿಂಗಳುಗಳೇ ಇದಕ್ಕೆ ಸರಿಯಾದ ಕಾಲ.

ವಿಧಾನಕ್ಕೆ ಮಿತಿಗಳಿಲ್ಲದೆ ಇಲ್ಲ. ನಿವೇಶನದ ನೂರಕ್ಕೆ ನಾಲ್ಕೈದು ಪಾಲು ಮಾತ್ರ ತೆರೆದು ನೋಡಿದಾಗ, ಎರಡು ಟ್ರೆಂಚ್‌ಗಳ ನಡುವೆ ಒಂದು ಬಾವಿಯೋ ಒಂದು ಗೂಡೋ ತಪ್ಪಿಹೋಗುವುದು ಸಹಜ. ಗೋಡೆ, ರಸ್ತೆ, ನಾಲೆಯಂಥ ಉದ್ದನೆಯ ರಚನೆಗಳನ್ನು ಅದು ಚೆನ್ನಾಗಿ ಹಿಡಿಯುತ್ತದೆ, ಚಿಕ್ಕವನ್ನು ಅಷ್ಟಾಗಿ ಹಿಡಿಯದು. ಹಾಗಾಗಿ ಟ್ರೆಂಚ್ ಬರಿದಾಗಿ ಕಂಡರೂ ಅಡಿಪಾಯದ ಅಗೆತ ನಡೆಯುವಾಗ ಒಬ್ಬರು ನಿಂತು ನೋಡುವ ಏರ್ಪಾಡು ಇರುವುದು ಒಳ್ಳೆಯದು. ಅದಕ್ಕಿಂತ ಗಂಭೀರವಾದದ್ದು ಸುರಕ್ಷತೆ. ದೇವರಾಜ ಮಾರುಕಟ್ಟೆಯಂಥ ಹಳೆಯ ಸುಣ್ಣಗಾರೆಯ ಗೋಡೆಗಳ ಬುಡಕ್ಕೆ ತಾಗಿಸಿ ಅಗೆದರೆ ಪುರಾತತ್ವವೇ ಕಟ್ಟಡವನ್ನು ಬೀಳಿಸಿದಂತಾದೀತು. ಟ್ರೆಂಚ್ ಎಷ್ಟು ಆಳವೋ ಕನಿಷ್ಠ ಅಷ್ಟಾದರೂ ದೂರ ಗೋಡೆಯಿಂದ ಸರಿದಿರಬೇಕು, ಆಳು ಮುಳುಗುವಷ್ಟು ಆಳವಾದರೆ ಬದಿಗೆ ಹಲಗೆ ಕೊಟ್ಟು ಆನಿಸಬೇಕು, ಜಾಗ ಗುರುತಿಸುವಾಗಲೇ ಸ್ಟ್ರಕ್ಚರಲ್ ಎಂಜಿನಿಯರ್ ಜೊತೆಗಿರಬೇಕು. ಆ ಅಂತರ ಸಿಗದ ಕಡೆ ಅಗೆಯದೆ ಬಿಡುವುದೇ ಲೇಸು.

ಇದನ್ನೆಲ್ಲ ಮಾಡುವ ಜನ ಎಲ್ಲಿದ್ದಾರೆ ಎಂಬ ಚಿಂತೆ ಬೇರೆ ಊರುಗಳಿಗೆ ಇರಬಹುದು, ಮೈಸೂರಿಗೆ ಇರಬೇಕಾಗಿಲ್ಲ. 1885ರಲ್ಲಿ ಮೈಸೂರು ಸಂಸ್ಥಾನ ಆರಂಭಿಸಿದ ಪುರಾತತ್ವ ಇಲಾಖೆಯ ಪರಂಪರೆ ಈ ಊರಿನದು. ಬಿ.ಎಲ್. ರೈಸ್, ಆರ್. ನರಸಿಂಹಾಚಾರ್, ಆರ್. ಶಾಮಶಾಸ್ತ್ರಿಗಳ ನಂತರ ಬಂದ ಎಂ.ಎಚ್. ಕೃಷ್ಣ ಅವರು ಚಂದ್ರವಳ್ಳಿ, ಬ್ರಹ್ಮಗಿರಿಗಳಲ್ಲಿ ಅಗೆಸಿದರು. 1947ರಲ್ಲಿ ಅದೇ ಬ್ರಹ್ಮಗಿರಿಯಲ್ಲಿ ಮಾರ್ಟಿಮರ್ ವೀಲರ್ ಪದರಗಳನ್ನು ಓದುವ ಶಿಸ್ತನ್ನು ತೋರಿಸಿದರು. ಮೈಸೂರು ವಿಶ್ವವಿದ್ಯಾನಿಲಯದವರು ಟಿ. ನರಸೀಪುರದಲ್ಲಿ ನವಶಿಲಾಯುಗದ ನೆಲೆಯನ್ನು ಅಗೆದರು, ರಾಜ್ಯ ಇಲಾಖೆ ತಲಕಾಡಿನ ಮರಳನ್ನು ಸರಿಸಿತು. ರಾಜ್ಯ ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆಯ ಕೇಂದ್ರ ಕಚೇರಿ ಇರುವುದು ಮೈಸೂರಿನಲ್ಲೇ, ಅದೂ ದೊಡ್ಡಕೆರೆಯ ವಸ್ತುಪ್ರದರ್ಶನ ಆವರಣದಲ್ಲಿ. ಊರೂರು ಸುತ್ತಿ ಪ್ರಾಗಿತಿಹಾಸವನ್ನು ಅಗೆದ ಈ ವಿದ್ವತ್ತು ತನ್ನ ಕಚೇರಿಯ ಅಂಗಳದ ಕೆಳಗಿನ ನೆಲದ ಬಗ್ಗೆ ಅಷ್ಟೇ ಕುತೂಹಲ ತೋರಿಸಬೇಕೆಂದು ಬಯಸುವುದು ಅತಿಯಾಸೆಯಲ್ಲ.

ಖಾಸಗಿ ನಿವೇಶನಗಳ ಪ್ರಶ್ನೆ ಜಟಿಲವಾದದ್ದು, ಅದನ್ನು ಮೊದಲಿಗೇ ಎತ್ತಿಕೊಳ್ಳುವ ಅಗತ್ಯವಿಲ್ಲ. ದೇವರಾಜ ಮಾರುಕಟ್ಟೆಯೂ ಲ್ಯಾನ್ಸ್‌ಡೌನ್ ಕಟ್ಟಡವೂ ಪಾಲಿಕೆಯ ಸ್ವತ್ತು. ಜಾಗದ ಒಡೆಯರೂ ಅನುಮತಿ ಕೊಡುವವರೂ ಕಟ್ಟಿಸುವವರೂ ಒಬ್ಬರೇ ಆಗಿರುವಾಗ ಯಾರ ಹಕ್ಕಿಗೂ ಧಕ್ಕೆಯಿಲ್ಲ. ಮುಂದೆ ಅಲ್ಲಿ ಏನೇ ತೀರ್ಮಾನವಾಗಲಿ, ದುರಸ್ತಿಯೋ ಮರುನಿರ್ಮಾಣವೋ, ಯೋಜನಾ ವರದಿ ಸಿದ್ಧಪಡಿಸುವ ಟೆಂಡರಿನಲ್ಲಿ ಮಣ್ಣು ಪರೀಕ್ಷೆಯ ಬಾಬ್ತಿನ ಕೆಳಗೆ ಪರೀಕ್ಷಾರ್ಥ ಅಗೆತದ ಒಂದು ಬಾಬ್ತು ಸೇರಿಸಬಹುದು. ಕೋಟೆಯ ಸುತ್ತ, ನಜರ್‌ಬಾದಿನಲ್ಲಿ, ಮುಚ್ಚಿದ ಕೆರೆಕಟ್ಟೆಗಳ ಮೇಲೆ ಬರುವ ಸರ್ಕಾರಿ ಕಟ್ಟಡಗಳಿಗೆ ಅದನ್ನೇ ಅನ್ವಯಿಸಬಹುದು. ಪ್ರತಿ ಅಗೆತದ ವರದಿಯೂ ಕನ್ನಡದಲ್ಲಿ, ಆರು ತಿಂಗಳೊಳಗೆ, ಯಾರು ಬೇಕಾದರೂ ಓದುವಂತೆ ಪ್ರಕಟವಾಗಬೇಕು. ಟ್ರೆಂಚ್‌ಗಳ ಜಾಗ, ಆಳ, ನೈಸರ್ಗಿಕ ಮಣ್ಣು ಸಿಕ್ಕ ಮಟ್ಟ ಇಷ್ಟನ್ನು ಪಾಲಿಕೆಯ ನಗರ ಯೋಜನಾ ಶಾಖೆಯ ನಕ್ಷೆಯ ಮೇಲೆ ಗುರುತಿಸಬೇಕು. ಹತ್ತಾರು ನಿವೇಶನಗಳ ಗುರುತು ಕೂಡಿದಾಗ, ಮುಂದಿನ ಅರ್ಜಿದಾರನ ಜಾಗದಲ್ಲಿ ಅಗೆತ ಬೇಕೇ ಬೇಡವೇ ಎಂಬುದನ್ನು ಆ ನಕ್ಷೆ ನೋಡಿಯೇ ಹೇಳಬಹುದು, ಮತ್ತು ಬಹಳಷ್ಟು ಸಲ ಬೇಡ ಎಂದೇ ಹೇಳಬಹುದು.